ಆ ಹೆಂಗಸು ರೋಮನ್ ದೇವತೆ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ನಾಣ್ಯ ಕೂಡಿಡುವ ಹವ್ಯಾಸದ ಬಗ್ಗೆ ಬಂದ ಬರಹ ಓದಿದೆ. ಈ ಮಳೆಯಲ್ಲಿ ನಮ್ಮೂರಿಗೆ ಪೇಪರು ಬರುವಷ್ಟರಲ್ಲಿ ನೆನೆದ ಹಪ್ಪಳದ ಥರ ಮೆತ್ತಗಾಗಿರುತ್ತದೆ, ಆದರೂ ಫೋಟೋ ಚೆನ್ನಾಗಿಯೇ ಕಾಣುತ್ತಿತ್ತು. ರೋಮನ್ನರ ಬೆಳ್ಳಿ ನಾಣ್ಯ. ಒಂದು ಕಂಬ, ಕಂಬಕ್ಕೆ ಗುರಾಣಿ, ಕವಚ, ಶಿರಸ್ತ್ರಾಣ ತೊಡಿಸಿದೆ, ಅದರ ಬುಡದಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದಾಳೆ. ಫೋಟೋ ಕೆಳಗೆ ನೀವು ಹಾಕಿದ್ದು 'ರೋಮನ್ ದೇವತೆ' ಅಂತ.

ಸಾರ್, ಅವಳು ದೇವತೆ ಅಲ್ಲ.

ನಮ್ಮ ತೋಟದ ಕೆಲಸಕ್ಕೆ ಬರುವ ಒಬ್ಬ ಅಮ್ಮ ಇದ್ದಾರೆ. ಓದು ಬರಹ ಇಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಪೇಪರು ಜಗಲಿ ಮೇಲೆ ಬಿದ್ದಿತ್ತು. ಒಂದು ಸಲ ಬಗ್ಗಿ ನೋಡಿದವರು, "ಅಯ್ಯೋ, ಯಾರು ಹೋದರಂತೆ ಇವಳ ಮನೇಲಿ?" ಅಂದರು. ಅಷ್ಟೇ. ತಲೆ ಮೇಲೆ ಕೈ ಹೊತ್ತು ಕೂತವಳನ್ನು ನೋಡಿದರೆ ನಮ್ಮ ಕಡೆ ಯಾರಿಗೂ ಎರಡನೇ ಅರ್ಥ ಹೊಳೆಯುವುದಿಲ್ಲ, ಅಲ್ವಾ? ಎರಡು ಸಾವಿರ ವರ್ಷದ ಹಿಂದೆ ರೋಮಿನ ಟಂಕಸಾಲೆಯಲ್ಲಿ ಅಚ್ಚು ಕೊರೆದವನು ಹೇಳಬೇಕು ಅಂದುಕೊಂಡದ್ದು ಆ ಅಮ್ಮನಿಗೆ ಒಂದೇ ಕ್ಷಣದಲ್ಲಿ ತಲುಪಿತು. ನಿಮ್ಮ ಬರಹಗಾರರಿಗೆ ತಲುಪಲಿಲ್ಲ.

ಅವಳ ಹೆಸರು ಜುದೇಯ. ಮನುಷ್ಯಳಲ್ಲ, ಒಂದು ನಾಡು. ಕ್ರಿ.ಶ. 66ರಲ್ಲಿ ಅಲ್ಲಿಯ ಯಹೂದಿಗಳು ರೋಮಿನ ವಿರುದ್ಧ ದಂಗೆ ಎದ್ದರು. 70ರಲ್ಲಿ ವೆಸ್ಪಾಸಿಯನ್ ಚಕ್ರವರ್ತಿಯ ಮಗ ಟೈಟಸ್ ಜೆರುಸಲೇಮಿಗೆ ಮುತ್ತಿಗೆ ಹಾಕಿ ಊರನ್ನು ಹಾಳುಗೆಡವಿದ, ದೇವಾಲಯ ಸುಟ್ಟುಹೋಯಿತು. ಆ ಗೆಲುವನ್ನು ಅಪ್ಪ ಮಗ ಇಬ್ಬರೂ ವರ್ಷಗಟ್ಟಲೆ ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ ಎಲ್ಲದರಲ್ಲೂ ಟಂಕಿಸಿದರು. ಆ ಕಂಬ ಇದೆಯಲ್ಲ, ಗದ್ದೆಯ ಬೆದರುಬೊಂಬೆ ಥರ ಕಾಣುವುದು, ಅದು ಸೋತವರಿಂದ ಕಿತ್ತ ಆಯುಧಗಳನ್ನು ತೂಗುಹಾಕಿದ ವಿಜಯದ ಗುರುತು. ನಮ್ಮ ಕೊಡಗಿನ ಹಾಕಿ ಪಂದ್ಯದಲ್ಲಿ ಗೆದ್ದವರು ತಲೆ ಮೇಲೆ ಎತ್ತಿಕೊಂಡು ಕುಣಿಯುವ 'ಟ್ರೋಫಿ' ಅನ್ನುವ ಪದ ಹುಟ್ಟಿದ್ದು ಈ ಕಂಬದಿಂದಲೇ. ಇದು ಗೊತ್ತಾದ ಮೇಲೆ ಬಹುಮಾನ ವಿತರಣೆ ನೋಡುವಾಗ ನನಗೆ ಒಂಥರಾ ಆಗುತ್ತದೆ, ಇರಲಿ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವನ್ಯಾರು ತಪ್ಪು ಹುಡುಕುವವನು ಅನ್ನುತ್ತೀರಿ. ನಾನು 22 ವರ್ಷ ಸೈನ್ಯದಲ್ಲಿದ್ದು ಬಂದವನು. ಈಗ ನಾಪೋಕ್ಲು ಹತ್ತಿರ ಸ್ವಲ್ಪ ಕಾಫಿ, ಮೆಣಸು, ಮನೆಗೆ ಸಾಕಾಗುವಷ್ಟು ಗದ್ದೆ. ನನ್ನ ಹತ್ತಿರ 17 ರೋಮನ್ ಬೆಳ್ಳಿ ನಾಣ್ಯ ಇವೆ, ಎಲ್ಲವೂ ಯುದ್ಧದ ಗೆಲುವಿಗೆ ಅಂತ ಹೊಡೆಸಿದವು. ಬೇರೆ ಬಗೆಯದನ್ನು ನಾನು ಕೊಳ್ಳುವುದಿಲ್ಲ. ನನ್ನ ಹೆಂಡತಿ ಇದಕ್ಕೆ ಇಟ್ಟ ಹೆಸರು 'ಸತ್ತ ರಾಜರ ಚಿಲ್ಲರೆ'. ಕೊಡಗಿನಲ್ಲಿ ಮನೆ ಮನೆಯ ಗೋಡೆಯಲ್ಲೂ ಒಂದು ಮೆಡಲ್ ಇರುತ್ತದೆ, ನಮ್ಮಲ್ಲೂ ಇದೆ, ಹಾಗಿರುವಾಗ ಪರದೇಶದ ರಾಜರ ಗೆಲುವು ನಿನಗೆ ಯಾಕೆ ಅಂತ ಕೇಳದ ನೆಂಟರಿಲ್ಲ. ನಾನು ಗೆದ್ದವರ ಮುಖ ನೋಡುವುದಕ್ಕೆ ಅವನ್ನು ಕೊಳ್ಳುವುದಿಲ್ಲ. ಗೆದ್ದವನ ಮುಖ ಸಾಮಾನ್ಯವಾಗಿ ಒಂದು ಬದಿಯಲ್ಲಿ ಇದ್ದೇ ಇರುತ್ತದೆ, ತಲೆಗೆ ಎಲೆಯ ಕಿರೀಟ, ಉಬ್ಬಿದ ಕತ್ತು. ಮಗುಚಿ ನೋಡಬೇಕು. ಕೈ ಹಿಂದಕ್ಕೆ ಕಟ್ಟಿಸಿಕೊಂಡು ಕೂತವನನ್ನು ಕಂಡರೆ ಸೈನ್ಯದಲ್ಲಿದ್ದವನಿಗೆ ಅನಿಸುವುದೇ ಬೇರೆ.

ಈ ನಾಣ್ಯಕ್ಕೆ ಡಿನೇರಿಯಸ್ ಅಂತ ಹೆಸರು. ಗುಪ್ತರ ಶಾಸನಗಳಲ್ಲಿ ಬರುವ 'ದೀನಾರ' ಇದೇ ಪದದಿಂದ ಬಂದದ್ದು. ಸುಮಾರು ಕ್ರಿ.ಪೂ. 211ರಲ್ಲಿ, ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ನಡೆಯುತ್ತಿದ್ದಾಗ, ರೋಮನ್ನರು ಇದನ್ನು ಶುರು ಮಾಡಿದರು. ಅಂದರೆ ಹುಟ್ಟಿದ್ದೇ ಯುದ್ಧದಲ್ಲಿ. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಕಾಲಕ್ಕೆ ನಾಲ್ಕು ಗ್ರಾಂಗೆ ಸ್ವಲ್ಪ ಕಡಿಮೆ ತೂಕ, ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ಆದರೆ ಹೆಚ್ಚುಕಡಿಮೆ ಶುದ್ಧ ಬೆಳ್ಳಿ.

ಗೆಲುವಿನ ಈ ನಾಣ್ಯಗಳ ಮೇಲೆ ಮತ್ತೆ ಮತ್ತೆ ಬರುವ ಪದ 'ಕಾಪ್ಟಾ'. ಲ್ಯಾಟಿನ್‌ನಲ್ಲಿ ಅದು ಸ್ತ್ರೀಲಿಂಗ. 'ಸೆರೆಯಾದವಳು' ಅಂತ ಅರ್ಥ. ನಾಡಿನ ಹೆಸರುಗಳು ಹೆಚ್ಚಾಗಿ ಅವರ ಭಾಷೆಯಲ್ಲಿ ಹೆಣ್ಣು, ನಾವು ಭೂಮಿತಾಯಿ ಅನ್ನುವ ಹಾಗೆ. ಹಾಗಾಗಿ ನಾಡು ಸೋತರೆ ಎಷ್ಟೋ ಸಲ ಒಬ್ಬ ಹೆಂಗಸನ್ನು ಕೂರಿಸಿ ಅಳಿಸುತ್ತಿದ್ದರು. ಈಜಿಪ್ಟಿಗೆ ಹೆಂಗಸಿಲ್ಲ, ಮೊಸಳೆ. ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರ ಸತ್ತು ಈಜಿಪ್ಟ್ ರೋಮಿನ ಕೈಗೆ ಬಂತು. ಮುಂದೆ ಆಗಸ್ಟಸ್ ಅನ್ನಿಸಿಕೊಂಡ ಆಕ್ಟೇವಿಯನ್ ಕ್ರಿ.ಪೂ. 28ರಲ್ಲಿ 'ಈಜಿಪ್ಟೋ ಕಾಪ್ಟಾ' ಅಂತ ಬರೆಸಿ ಬಾಯಿ ಮುಚ್ಚಿ ನಿಂತ ಒಂದು ಮೊಸಳೆಯ ಚಿತ್ರ ಹಾಕಿಸಿದ. ಅದು ನನ್ನ ಹತ್ತಿರ ಇಲ್ಲ. ಅದರ ಬೆಲೆ ಕೇಳಿದ ದಿನ ನಾನು ಹೆಂಡತಿಗೆ ಹೇಳಲೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಬರಹದಲ್ಲಿ 'ಈ ನಾಣ್ಯಗಳು ರೋಮನ್ನರ ದಿಗ್ವಿಜಯಕ್ಕೆ ಸುಳ್ಳಾಡದ ಸಾಕ್ಷಿ' ಅಂತ ಇದೆ. ಸಾರ್, ಇಷ್ಟು ಸುಳ್ಳಾಡಿದ ವಸ್ತು ಇನ್ನೊಂದಿಲ್ಲ! ನೀವು ಫೋಟೋ ಹಾಕಿದ ಅದೇ ನಾಣ್ಯ ತೆಗೆದುಕೊಳ್ಳಿ. ಪರಿಣತರು ಅದಕ್ಕೆ ಹಾಕುವ ಕಾಲ 69ರ ಕೊನೆ, 70ರ ಶುರು. ಜೆರುಸಲೇಮ್ ಬಿದ್ದದ್ದು 70ರ ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ನಮ್ಮಲ್ಲಾದರೆ ಮಳೆಗಾಲ ಮುಗಿಯುವ ಹೊತ್ತು. ಊರು ಇನ್ನೂ ಬಿದ್ದಿಲ್ಲ, ಒಳಗಿನವರು ಇನ್ನೂ ಬಡಿದಾಡುತ್ತಿದ್ದಾರೆ, ಇತ್ತ ರೋಮಿನಲ್ಲಿ ಅವಳನ್ನು ಕೂರಿಸಿ ಅಳಿಸಿಯೂ ಆಯಿತು. ಮತ ಎಣಿಕೆಗೆ ಮೊದಲೇ ಪಟಾಕಿ ಹೊಡೆಯುವವರನ್ನು ನಾವೂ ನೋಡಿದ್ದೇವೆ.

ಆರ್ಮೇನಿಯಾದ ಕತೆ ಇನ್ನೂ ಚೆಂದ. ಕ್ರಿ.ಪೂ. 19ರ ಸುಮಾರಿಗೆ ಆಗಸ್ಟಸ್ 'ಆರ್ಮೇನಿಯಾ ಕಾಪ್ಟಾ' ಅಂತ ಡಿನೇರಿಯಸ್ ಹೊಡೆಸಿದ. ಗೆದ್ದನೇ? ಅವನೇ ಸಾಯುವ ಮುಂಚೆ ತನ್ನ ಸಾಧನೆಗಳನ್ನು ಉದ್ದಕ್ಕೆ ಬರೆಸಿದ್ದಾನೆ, ಆ ಬರಹ ಇವತ್ತಿಗೂ ಟರ್ಕಿಯ ಅಂಕಾರಾದಲ್ಲಿ ಒಂದು ಗುಡಿಯ ಗೋಡೆ ಮೇಲಿದೆ. ಅದರಲ್ಲಿ, ಆರ್ಮೇನಿಯಾವನ್ನು ನಾನು ಪ್ರಾಂತ್ಯ ಮಾಡಿಕೊಳ್ಳಬಹುದಿತ್ತು, ಆದರೆ ಟೈಗ್ರೇನೀಸ್ ಅನ್ನುವ ರಾಜನಿಗೆ ಒಪ್ಪಿಸಿದೆ ಅಂತ ತಾನೇ ಹೇಳಿಕೊಂಡಿದ್ದಾನೆ. ನಾಣ್ಯದಲ್ಲಿ ಸೆರೆ, ಗೋಡೆಯಲ್ಲಿ ಬೇರೆಯವನಿಗೆ ಒಪ್ಪಿಸಿದ್ದು. ಅದೇ ಹೊತ್ತಿನ ಇನ್ನೊಂದು ನಾಣ್ಯದಲ್ಲಿ ಪಾರ್ಥಿಯಾದವನೊಬ್ಬ, ಅಂದರೆ ಈಗಿನ ಇರಾನ್ ಕಡೆಯ ಸಾಮ್ರಾಜ್ಯದವನು, ಮಂಡಿಯೂರಿ ರೋಮನ್ ಸೇನೆಯ ಧ್ವಜ ಒಪ್ಪಿಸುತ್ತಿದ್ದಾನೆ. ಕ್ರಿ.ಪೂ. 53ರಲ್ಲಿ ಕ್ರಾಸಸ್ ಅನ್ನುವ ರೋಮನ್ ದೊಡ್ಡಮನುಷ್ಯ ಕಾರೆ ಎಂಬಲ್ಲಿ ಹೀನಾಯವಾಗಿ ಸೋತು ಸತ್ತಾಗ ಕಳೆದುಕೊಂಡ ಧ್ವಜಗಳು ಅವು. ಕ್ರಿ.ಪೂ. 20ರಲ್ಲಿ ವಾಪಸ್ ಬಂದವು, ಮಾತುಕತೆಯಿಂದ. ಒಂದು ಯುದ್ಧವೂ ನಡೆಯಲಿಲ್ಲ, ಯಾರೂ ಮಂಡಿಯೂರಲಿಲ್ಲ. ಸೈನ್ಯದಲ್ಲಿದ್ದವನಾಗಿ ಹೇಳುತ್ತೇನೆ, ರಕ್ತ ಹರಿಸದೆ ಧ್ವಜ ವಾಪಸ್ ತರುವುದೇ ದೊಡ್ಡ ಕೆಲಸ. ಆದರೆ ಅದಕ್ಕೆ ಚಿತ್ರ ಬರೆಯುವುದು ಕಷ್ಟ, ಮಂಡಿಯೂರಿಸುವುದು ಸುಲಭ.

ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 43ರಲ್ಲಿ ಬ್ರಿಟನ್ ಗೆದ್ದೆ ಅಂತ ತನ್ನ ನಾಣ್ಯದಲ್ಲಿ ವಿಜಯದ ಕಮಾನು ಕಟ್ಟಿಸಿಕೊಂಡ. ಅವನು ಆ ದ್ವೀಪದಲ್ಲಿ ಇದ್ದದ್ದು 16 ದಿನ ಅಂತ ಇತಿಹಾಸಕಾರ ಡಿಯೋ ಲೆಕ್ಕ ಕೊಟ್ಟಿದ್ದಾನೆ. ನಮ್ಮ ಹುಡುಗರು ಗೋವಾಕ್ಕೆ ಹೋದರೂ ಅಷ್ಟು ದಿನ ಇದ್ದು ಬರುತ್ತಾರೆ.

ಡೊಮಿಷಿಯನ್ ಚಕ್ರವರ್ತಿ ಇವರೆಲ್ಲರನ್ನೂ ಮೀರಿಸಿದ. 84ರ ಅವನ ಡಿನೇರಿಯಸ್‌ನಲ್ಲಿ ಜರ್ಮೇನಿಯಾ ಮೈಮೇಲೆ ಸರಿಯಾಗಿ ಬಟ್ಟೆಯಿಲ್ಲದೆ ಗುರಾಣಿಯ ಮೇಲೆ ಕೂತು ಅಳುತ್ತಿದ್ದಾಳೆ, ಕೆಳಗೆ ಮುರಿದ ಈಟಿ. ಆ ವಿಜಯೋತ್ಸವದ ಬಗ್ಗೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಸೆರೆಸಿಕ್ಕವರು ಸಾಲದ್ದಕ್ಕೆ ಗುಲಾಮರನ್ನು ದುಡ್ಡು ಕೊಟ್ಟು ತಂದು, ಜರ್ಮನರ ಥರ ಬಟ್ಟೆ ಹಾಕಿಸಿ, ಕೂದಲು ಮಾಡಿಸಿ, ಮೆರವಣಿಗೆಯಲ್ಲಿ ನಡೆಸಿದರಂತೆ. ಟ್ಯಾಸಿಟಸ್‌ಗೆ ಡೊಮಿಷಿಯನ್ ಕಂಡರೆ ಆಗುತ್ತಿರಲಿಲ್ಲ, ಅದನ್ನೂ ನೆನಪಿಟ್ಟು ಓದಬೇಕು, ಒಪ್ಪುತ್ತೇನೆ. ಆದರೂ ಆ ನಾಣ್ಯ ನೋಡಿದಾಗೆಲ್ಲ ಕಟ್ಟು ಕೂದಲು ಹಾಕಿಕೊಂಡ ಆ ಬಾಡಿಗೆ ಕೈದಿ ನನ್ನ ಕಣ್ಣ ಮುಂದೆ ಬರುತ್ತಾನೆ.

ಸೀಸರನ ಆನೆ ನಾಣ್ಯವೂ ಒಂದಿದೆ ನನ್ನ ಹತ್ತಿರ, ಕ್ರಿ.ಪೂ. 49ರದ್ದು. ಆನೆ ಹಾವಿನಂಥದ್ದೊಂದನ್ನು ತುಳಿಯುತ್ತಿದೆ. ಅದು ಹಾವೋ, ಈಗಿನ ಫ್ರಾನ್ಸ್ ಕಡೆಯ ಗಾಲ್ ಜನರ ಯುದ್ಧದ ಕಹಳೆಯೋ ಅಂತ ಇನ್ನೂ ವಾದ ಇದೆ. ನಮ್ಮ ಏರಿಯಾದವರಿಗೆ ಆನೆ ಏನು ತುಳಿಯುತ್ತದೆ ಅನ್ನುವುದರಲ್ಲಿ ವಾದವೇ ಇಲ್ಲ. ಬಾಳೆ, ಬೇಲಿ, ಮೂರು ವರ್ಷದ ಕಾಫಿ ಗಿಡ.

ಟ್ರಾಜನ್ ಚಕ್ರವರ್ತಿ ನಿಜವಾಗಿ ಗೆದ್ದವನು. ಈಗಿನ ರೊಮೇನಿಯಾದ ಡೇಸಿಯಾವನ್ನು ಎರಡು ಯುದ್ಧಗಳಲ್ಲಿ ಮುಗಿಸಿದ, 101-102 ಮತ್ತು 105-106. ಅವನ 'ಡೇಸಿಯಾ ಕಾಪ್ಟಾ' ನಾಣ್ಯದಲ್ಲಿ ಕೈ ಕಟ್ಟಿಸಿಕೊಂಡ ಡೇಸಿಯನ್ ಒಬ್ಬ ತನ್ನವರ ಆಯುಧಗಳ ರಾಶಿ ಮೇಲೆಯೇ ಕೂತಿದ್ದಾನೆ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಬಗ್ಗಿದ ಆ ಬೆನ್ನನ್ನು ಕೊರೆದ ಕೈ ಯಾವುದೋ ಗೊತ್ತಿಲ್ಲ, ಆದರೆ ಅವನಿಗೆ ಸೋಲು ಅಂದರೆ ಏನು ಅಂತ ಗೊತ್ತಿತ್ತು ಅನಿಸುತ್ತದೆ. ಅದೇ 106ರಲ್ಲಿ ಅರೇಬಿಯಾದ ನಬಾಟಿಯನ್ ರಾಜ್ಯವೂ ರೋಮಿಗೆ ಸೇರಿತು. ದೊಡ್ಡ ಯುದ್ಧ ಇಲ್ಲ. ಆ ನಾಣ್ಯದಲ್ಲಿ ಒಂಟೆ ಜೊತೆ ನಿಂತ ಹೆಂಗಸು ಅಳುತ್ತಿಲ್ಲ, ಪದವೂ ಬೇರೆ. 'ಕಾಪ್ಟಾ' ಇಲ್ಲ, 'ಅದ್ಕ್ವಿಸಿತಾ'. ಸೆರೆಹಿಡಿದದ್ದಲ್ಲ, ದೊರಕಿದ್ದು. ಆಸ್ತಿ ನೋಂದಣಿ ಭಾಷೆ.

ಈ 'ದೊರಕಿದ್ದು' ಅನ್ನುವ ಪದ ಓದಿದಾಗ ನನಗೆ ನಮ್ಮದೇ ಕತೆ ನೆನಪಾಗುತ್ತದೆ. 1834ರಲ್ಲಿ ಕಂಪನಿ ಸೈನ್ಯ ಕೊಡಗಿಗೆ ನುಗ್ಗಿ ಚಿಕ್ಕವೀರರಾಜೇಂದ್ರನನ್ನು ಇಳಿಸಿತು. ಮೇ 7ರಂದು ಹೊರಡಿಸಿದ ಪ್ರಕಟಣೆಯ ಮೊದಲ ಮಾತೇ, ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಈ ನಾಡನ್ನು ಬ್ರಿಟಿಷರ ರಕ್ಷಣೆಗೆ ತೆಗೆದುಕೊಂಡಿದ್ದೇವೆ ಅಂತ. ಒಮ್ಮತ! ಮೂರೇ ವರ್ಷಕ್ಕೆ, 1837ರಲ್ಲಿ, ಅಮರ ಸುಳ್ಯದ ಕಡೆಯಿಂದ ದಂಗೆ ಎದ್ದಿತು, ಮಂಗಳೂರಿನವರೆಗೆ ಹೋಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೆ ಹಾಕಿದರು. ದಂಗೆ ಅಡಗಿಸಲು ನೆರವಾದವರಿಗೆ ಕಂಪನಿ ಒಂದು ಪದಕ ಮಾಡಿಸಿತು, ಚಿನ್ನದಲ್ಲಿ ಮತ್ತು ಬೆಳ್ಳಿಯಲ್ಲಿ. ಕತ್ತಿ ಎತ್ತಿದ ಕೊಡಗಿನ ಯೋಧನ ಚಿತ್ರ, ಸುತ್ತ ಕನ್ನಡದಲ್ಲಿ ಬರಹ, 1837ರ ಏಪ್ರಿಲ್ ಮೇ ತಿಂಗಳ ದಂಗೆ ಅಡಗಿಸುವಾಗ ಕಂಪನಿ ಸರ್ಕಾರಕ್ಕೆ ತೋರಿದ ನಿಷ್ಠೆಗೆ ಮೆಚ್ಚುಗೆ ಅಂತ. ಇದನ್ನು ಎತ್ತಿದರೆ ಕೆಲವರಿಗೆ ಕಸಿವಿಸಿಯಾಗುತ್ತದೆ, ಗೊತ್ತು. ಯಾರ ಅಜ್ಜ ಯಾವ ಕಡೆ ಇದ್ದ ಅನ್ನುವ ಜಗಳ ನನಗೆ ಬೇಡ. ನಾನು ಹೇಳುವುದು ಇಷ್ಟೇ, ಆ ಪದಕ ಒಂದನ್ನೇ ನೋಡಿ 1837ರ ಕತೆ ಬರೆದರೆ ಅಪ್ಪಯ್ಯ ಗೌಡರು ಎಲ್ಲಿ ಸಿಗುತ್ತಾರೆ? ಪದಕದಲ್ಲಿ ಅವರಿಗೆ ಜಾಗ ಇಲ್ಲ. ಇವತ್ತು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ, ಅದು ಬೇರೆ ಮಾತು. ಹಾಗೆಯೇ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಹಂಚಿದ 1799ರ ಪದಕ. ಅದರಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಮೊಸಳೆಯ ಜಾಗದಲ್ಲಿ ಹುಲಿ, ಅಷ್ಟೇ ವ್ಯತ್ಯಾಸ.

ಇನ್ನೊಂದು ತಪ್ಪು. ದಕ್ಷಿಣ ಭಾರತದಲ್ಲಿ ರೋಮನ್ ನಾಣ್ಯ ಸಿಗುವುದು 'ರೋಮಿನ ಬಲ ಇಲ್ಲಿಯವರೆಗೆ ಚಾಚಿದ್ದರ ಗುರುತು' ಅಂತ ಬರೆದಿದ್ದಾರೆ. ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು. ಯಶವಂತಪುರದಲ್ಲಿ 1891ರಲ್ಲಿ ರೈಲು ದಾರಿಗೆ ಅಗೆಯುವಾಗ 163 ಬೆಳ್ಳಿ ನಾಣ್ಯ ಸಿಕ್ಕಿದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ, ಕೊಯಮತ್ತೂರು ಸುತ್ತ ಅಂತೂ ಗಡಿಗೆಗಟ್ಟಲೆ. ಅವುಗಳಲ್ಲಿ ಜಾಸ್ತಿ ಎರಡೇ ಬಗೆ. ಒಂದು ಆಗಸ್ಟಸ್‌ನದು, ಹಿಂಬದಿಯಲ್ಲಿ ಅವನ ಇಬ್ಬರು ಮೊಮ್ಮಕ್ಕಳು ಗುರಾಣಿ ಹಿಡಿದು ನಿಂತಿದ್ದಾರೆ. ಇನ್ನೊಂದು ಟೈಬೀರಿಯಸ್‌ನದು, ಹಿಂಬದಿಯಲ್ಲಿ ಕುರ್ಚಿ ಮೇಲೆ ಕೂತ ಹೆಂಗಸು. ಅಳುವವರು ಯಾರೂ ಇಲ್ಲ. ಯಾಕೆ ಇವೇ? ಬೆಳ್ಳಿ ಚೆನ್ನಾಗಿತ್ತು. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ ಮೇಲೆ ಟಂಕಿಸಿದ ಡಿನೇರಿಯಸ್‌ಗಳು ನಮ್ಮ ನೆಲದಲ್ಲಿ ಸಿಗುವುದು ತೀರಾ ಕಡಿಮೆ. ನಮ್ಮ ವ್ಯಾಪಾರಿಗಳು ಉಜ್ಜಿ ನೋಡಿ, ತೂಗಿ ನೋಡಿ, ಹಳೇದೇ ಕೊಡಿ ಅಂದಿರಬೇಕು.

ಕೊಟ್ಟದ್ದು ಯಾತಕ್ಕೆ? ಮುಖ್ಯವಾಗಿ ಮೆಣಸಿಗೆ. ಕರಿಮೆಣಸಿಗೆ. ಘಟ್ಟದ ಆಚೆ ಮಗ್ಗುಲಿನ ಮೆಣಸು ಮುಜಿರಿಸ್ ಬಂದರಿಂದ ಹಡಗು ಹತ್ತುತ್ತಿತ್ತು. ಪ್ಲಿನಿ ಅನ್ನುವ ರೋಮನ್ ಬರಹಗಾರ ರೇಟು ಬರೆದಿಟ್ಟಿದ್ದಾನೆ. ಒಂದು ರೋಮನ್ ಪೌಂಡ್ ಕರಿಮೆಣಸಿಗೆ 4 ಡಿನೇರಿಯಸ್, ಬೋಳು ಮೆಣಸಿಗೆ 7, ಹಿಪ್ಪಲಿಗೆ 15. ಅವರ ಪೌಂಡ್ ಅಂದರೆ ನಮ್ಮ ಸುಮಾರು 327 ಗ್ರಾಂ. ಆಗ ರೋಮನ್ ಸೈನಿಕನ ವರ್ಷದ ಸಂಬಳ 225 ಡಿನೇರಿಯಸ್. ಲೆಕ್ಕ ಹಾಕಿ, ಕೆಜಿಯ ಮೂರನೇ ಒಂದು ಪಾಲಿನಷ್ಟು ಮೆಣಸಿಗೆ ಸಿಪಾಯಿಯ ಆರೂವರೆ ದಿನದ ಸಂಬಳ! ನಾನು ಇದನ್ನು ನಮ್ಮ ಮೆಣಸು ಕೊಳ್ಳುವ ಅಂಗಡಿಯವರಿಗೆ ಹೇಳಿದೆ. ಅವರು, ಆಗಲೂ ಬೆಳೆಗಾರನಿಗೆ ಎಷ್ಟು ಸಿಗುತ್ತಿತ್ತೋ ಬಿಡಿ ಅಂದರು. ಅದೂ ಸರಿ. ಇದೇ ಪ್ಲಿನಿ, ಖಾರ ಒಂದು ಬಿಟ್ಟರೆ ಇದರಲ್ಲಿ ಏನಿದೆ, ಇದಕ್ಕಾಗಿ ಇಂಡಿಯಾವರೆಗೆ ಹೋಗುತ್ತಾರಲ್ಲ ಅಂತ ಗೊಣಗಿದ್ದಾನೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಇಂಡಿಯಾ ಪಾಲಾಗುತ್ತಿದೆ ಅಂತ ಹೊಟ್ಟೆ ಉರಿದುಕೊಂಡಿದ್ದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್. ಅಂದರೆ ಆ ನಾಣ್ಯಗಳು ಇಲ್ಲಿಗೆ ಬಂದದ್ದು ಗೆಲ್ಲುವುದಕ್ಕಲ್ಲ, ಕೊಳ್ಳುವುದಕ್ಕೆ, ಅದೂ ನಮ್ಮವರು ಹೇಳಿದ ರೇಟಿಗೆ. ಪುದುಕ್ಕೋಟ್ಟೈನಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ರೋಮನ್ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖಕ್ಕೇ ಅಡ್ಡಲಾಗಿ ಉಳಿಯ ಏಟಿದೆ. ಇದು ಯಾವ ಬಲದ ಗುರುತು ಅಂತ ನಿಮ್ಮ ಬರಹಗಾರರು ಹೇಳಲಿ.

ಬರಹದ ಕೊನೆಯಲ್ಲಿ 'ನಿಮ್ಮ ಅಟ್ಟದಲ್ಲೂ ಲಕ್ಷಾಂತರ ರೂಪಾಯಿ ಇರಬಹುದು' ಅಂತ ಇದೆ. ದಯವಿಟ್ಟು ಹೀಗೆ ಬರೆಯಬೇಡಿ. ಹಳೆಯ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಅನ್ನುವ ವಾಟ್ಸಾಪ್ ಮೆಸೇಜಿಗೆ ನಮ್ಮ ಊರಲ್ಲೇ ದುಡ್ಡು ಕಳೆದುಕೊಂಡವರಿದ್ದಾರೆ. ಇಂಥ ವ್ಯವಹಾರ ನಮಗೆ ಸಂಬಂಧವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ. ನನ್ನ ಮಾತೇ ಕೇಳಿ. ನಾನು ಮೊದಲು ಕೊಂಡದ್ದು ಸೆಪ್ಟಿಮಿಯಸ್ ಸೆವೆರಸ್ ಅನ್ನುವ ಚಕ್ರವರ್ತಿಯ ಡಿನೇರಿಯಸ್, ದೆಹಲಿಯಲ್ಲಿ ಪೋಸ್ಟಿಂಗ್ ಇದ್ದಾಗ. ಕಂಬದ ಬುಡದಲ್ಲಿ ಇಬ್ಬರು ಪಾರ್ಥಿಯನ್ ಕೈದಿಗಳು ಆಚೆಗೊಬ್ಬ ಈಚೆಗೊಬ್ಬ ಕೂತಿದ್ದಾರೆ. ಸಂಬಳದ ಅರ್ಧ ಹೋಯಿತು. ಎರಡು ವರ್ಷದ ಮೇಲೆ ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ ಇನ್ನೊಬ್ಬರ ಮೇಜಿನ ಮೇಲೆ ಅದೇ ನಾಣ್ಯ ಇತ್ತು. ಅದೇ ಅಂದರೆ ಅದೇ, ಚಿತ್ರ ಎಡಕ್ಕೆ ಜರುಗಿದ್ದು, ಅಂಚಿನ ಬಿರುಕು, ಚಕ್ರವರ್ತಿಯ ಕಿವಿ ಮೇಲಿನ ಗೀರು, ಎಲ್ಲ. ಕೈಯಲ್ಲಿ ಸುತ್ತಿಗೆಯಿಂದ ಹೊಡೆದ ಎರಡು ನಾಣ್ಯ ಹಾಗೆ ಇರುವುದಕ್ಕೆ ಸಾಧ್ಯವೇ ಇಲ್ಲ, ಅವಳಿ ಮಕ್ಕಳಿಗೂ ಮಚ್ಚೆ ಬೇರೆ ಬೇರೆ ಕಡೆ ಇರುತ್ತದೆ. ಎರಡೂ ಎರಕ ಹೊಯ್ದ ನಕಲಿ. ಆಮೇಲೆ ಕಲಿತೆ. ಭೂತಗನ್ನಡಿಯಲ್ಲಿ ಅಂಚು ನೋಡಬೇಕು, ಎರಕದ್ದಾದರೆ ಅರದಿಂದ ಉಜ್ಜಿದ ಗೆರೆ, ಸೂಜಿಮೊನೆಯಷ್ಟು ಗುಳ್ಳೆಗಳು ಕಾಣುತ್ತವೆ, ಅಕ್ಷರಗಳು ಕರಗಿದ ಸೋಪಿನ ಥರ ಇರುತ್ತವೆ. ತೂಕ ನೋಡಬೇಕು. ಹಸಿರು ಅಥವಾ ಕೆಂಪು ಇಣುಕಿದರೆ ಒಳಗೆ ತಾಮ್ರ, ಮೇಲೆ ಬೆಳ್ಳಿಯ ಹೊದಿಕೆ. ಅದು ರೋಮನ್ನರ ಕಾಲದ್ದೇ ಕಳ್ಳನಾಣ್ಯವೂ ಆಗಿರಬಹುದು, ನನ್ನ ಹತ್ತಿರ ಅಂಥದ್ದೂ ಒಂದಿದೆ, ನನಗೆ ಅದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ.

ನಿಜವಾದ ಸೆವೆರಸ್ ಆಮೇಲೆ ಸಿಕ್ಕಿತು, ಒಂದು ಮೂಟೆ ರೊಬಸ್ಟಾ ಚೆರಿಗಿಂತ ಕಡಿಮೆಗೆ. ಅವನ ಕಾಲಕ್ಕೆ ಡಿನೇರಿಯಸ್‌ನಲ್ಲಿ ಬೆಳ್ಳಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಗೆಲುವಿನ ಜಂಬ ಏರುತ್ತಾ ಹೋಯಿತು, ಬೆಳ್ಳಿ ಇಳಿಯುತ್ತಾ ಹೋಯಿತು.

ತೊಳೆಯುವ ವಿಷಯ. ನಿಮ್ಮ ಬರಹದಲ್ಲಿ ಹುಣಸೆಹುಳಿ ಹಾಕಿ ಉಜ್ಜಿದರೆ ಹೊಳೆಯುತ್ತದೆ ಅಂತ ಸಲಹೆ ಬೇರೆ! ನಮ್ಮ ನೆಂಟರ ಹುಡುಗನೊಬ್ಬ ನಾನು ಊರಲ್ಲಿ ಇಲ್ಲದಾಗ, ಅಂಕಲ್‌ಗೆ ಖುಷಿಯಾಗಲಿ ಅಂತ ನನ್ನ ಡೇಸಿಯಾ ನಾಣ್ಯಕ್ಕೆ ನಮ್ಮ ಕಡೆಯ ಗಟ್ಟಿ ಹುಳಿ ಕಾಚಂಪುಳಿ ಹಚ್ಚಿ ಬೂದಿಯಲ್ಲಿ ತಿಕ್ಕಿಟ್ಟಿದ್ದ. ಹಂದಿ ಸಾರಿಗೆ ಬೀಳಬೇಕಾದ್ದು ಟ್ರಾಜನ್ ಮುಖಕ್ಕೆ ಬಿತ್ತು. ಈಗ ಅದು ಸ್ಟೀಲ್ ಚಮಚದ ಥರ ಫಳಫಳ ಅನ್ನುತ್ತದೆ, ಆ ಬಗ್ಗಿದ ಬೆನ್ನಿನ ಗೆರೆಗಳೆಲ್ಲ ಸವೆದುಹೋದವು. ಹುಡುಗನಿಗೆ ಬೈಯಲೂ ಆಗಲಿಲ್ಲ. ಬೆಳ್ಳಿ ಕಪ್ಪಾದರೆ ಆಗಲಿ, ಆ ಕಪ್ಪು ನೂರಾರು ವರ್ಷದ ಸಂಪಾದನೆ. ನಮ್ಮ ಮಳೆಗಾಲಕ್ಕೆ ಬೇಕಾದ್ದು ಒಣಗಿದ ಡಬ್ಬಿ, ಒಳಗೆ ತೇವ ಹೀರುವ ಸಣ್ಣ ಪೊಟ್ಟಣ, ಒಲೆಯ ಹೊಗೆ ತಾಗದ ಕೋಣೆ. ಮೆತ್ತಗಿನ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಅದು ಅಂಟಂಟಾಗಿ ಹಸಿರು ಹಿಡಿಸುತ್ತದೆ.

ಕಾನೂನಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ತೋಟದಲ್ಲಿ ಗುಂಡಿ ತೆಗೆಯುವಾಗ ಗಡಿಗೆ ಸಿಕ್ಕರೆ ಅದು ಸಿಕ್ಕವನದೂ ಅಲ್ಲ, ಅಕ್ಕಸಾಲಿಗನದೂ ಅಲ್ಲ. ಕರ್ನಾಟಕದ ನಿಧಿ ಕಾಯ್ದೆ 1962ರದ್ದಿದೆ, ಡಿಸಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಒಯ್ಯುವುದಕ್ಕೆ 1972ರ ಕಾಯ್ದೆ ಬಿಡುವುದಿಲ್ಲ. ನನ್ನ 17ಕ್ಕೂ ರಸೀದಿ ಇದೆ, ಆ ನಕಲಿಗೂ ಇದೆ. ಗಡಿಗೆ ಸಿಕ್ಕಿದ್ದನ್ನು ಮುಚ್ಚಿಟ್ಟು ಕರಗಿಸಿದರೆ ಕೈಗೆ ಬರುವುದು ಬೆಳ್ಳಿಯ ರೇಟು ಮಾತ್ರ, ಯಾವ ಗಡಿಗೆಯಲ್ಲಿ, ಯಾವುದರ ಜೊತೆ ಇತ್ತು ಅನ್ನುವುದು ಹೋದರೆ ಹೋಯಿತು.

ನನಗೆ ಇನ್ನೂ ಒಂದು ನಾಣ್ಯದ ಆಸೆ ಇದೆ. ಬಹುಶಃ ಆಸೆಯಾಗಿಯೇ ಉಳಿಯುತ್ತದೆ. ಜೆರುಸಲೇಮ್ ಬಿದ್ದು ಅರವತ್ತು ವರ್ಷದ ಮೇಲೆ, 132ರಲ್ಲಿ, ಬಾರ್ ಕೊಖ್ಬಾ ಮುಂದಾಳಾಗಿ ಯಹೂದಿಗಳು ಮತ್ತೆ ದಂಗೆ ಎದ್ದರು. ಅವರಿಗೆ ಬೆಳ್ಳಿ ಗಣಿ ಎಲ್ಲಿಂದ ಬರಬೇಕು? ಕೈಯಲ್ಲಿದ್ದ ರೋಮನ್ ಡಿನೇರಿಯಸ್‌ಗಳ ಮೇಲೆಯೇ ತಮ್ಮ ಅಚ್ಚು ಇಟ್ಟು ಸುತ್ತಿಗೆ ಹೊಡೆದರು. ದ್ರಾಕ್ಷಿ ಗೊಂಚಲು, ತಂತಿವಾದ್ಯ, ಖರ್ಜೂರದ ಗರಿ, ಜೆರುಸಲೇಮಿನ ಸ್ವಾತಂತ್ರ್ಯಕ್ಕೆ ಅನ್ನುವ ಬರಹ. ಕೆಲವದರಲ್ಲಿ ದ್ರಾಕ್ಷಿಯ ಅಡಿಯಿಂದ ಚಕ್ರವರ್ತಿಯ ಮೂಗು, ಗಲ್ಲ ಇನ್ನೂ ಮಸುಕಾಗಿ ಕಾಣುತ್ತದೆ. 135ಕ್ಕೆ ಆ ದಂಗೆಯೂ ಮುಗಿಯಿತು. ಫೋಟೋ ನೋಡಿದ್ದೇನೆ, ಅಷ್ಟರಲ್ಲೇ ತೃಪ್ತಿ.

ತಿದ್ದುಪಡಿ ಹಾಕುವುದಾದರೆ ಉದ್ದಕ್ಕೆ ಬೇಡ. ಅದೇ ಫೋಟೋ ಹಾಕಿ, ಕೆಳಗೆ 'ಜುದೇಯ, ಸೋತ ನಾಡು. ವೆಸ್ಪಾಸಿಯನ್ ಕಾಲದ ಬೆಳ್ಳಿ ಡಿನೇರಿಯಸ್, ಕ್ರಿ.ಶ. 69-70' ಅಂತ ಬರೆಯಿರಿ. ಬರುವ ಭಾನುವಾರವೇ ಹಾಕಿದರೆ ಒಳ್ಳೆಯದು, ನಮ್ಮ ತೋಟದ ಕೆಲಸದ ಅಮ್ಮ ಆ ಹೆಂಗಸಿನ ಮನೆಯಲ್ಲಿ ಯಾರು ಹೋದದ್ದು ಅಂತ ಇನ್ನೂ ಕೇಳುತ್ತಿದ್ದಾರೆ, ಪೇಪರು ತೋರಿಸಿ ಹೇಳಬೇಕು.

ಇತಿ ನಿಮ್ಮ ಓದುಗ,
ನಿವೃತ್ತ ಸೈನಿಕ, ನಾಪೋಕ್ಲು, ಕೊಡಗು